ಎರಡನೇ ಲೋಟದ ಕಹಿ

ನನ್ನ ನಾಲಿಗೆಯ ಬಗ್ಗೆ ನನಗೆ ಬಹಳ ಜಂಬವಿತ್ತು. ಯಲಹಂಕ ದಾಟಿ ದೊಡ್ಡಬಳ್ಳಾಪುರದ ಕಡೆ ಹೋಗುವಾಗ ಸಿಗುವ ಒಂದು ಸಣ್ಣ ಬಿಯರ್ ಕಾರ್ಖಾನೆಯಲ್ಲಿ, ಬಿಯರ್ ರುಚಿ ನೋಡಿ ತೀರ್ಪು ಹೇಳುವುದು ಆರು ವರ್ಷದಿಂದ ನನ್ನ ಕೆಲಸ. ಲ್ಯಾಬಿನ ಕೆಲಸವೂ ಇದೆ. ಯೀಸ್ಟ್ ಎಣಿಸಬೇಕು, ನೀರು ಪರೀಕ್ಷಿಸಬೇಕು, ಪಾತ್ರೆ ತೊಳೆದಿದ್ದಾರೋ ಇಲ್ಲವೋ ನೋಡಿ ಬೈಯಬೇಕು. ಆದರೆ ಅವರು ನನ್ನನ್ನು ಇಟ್ಟುಕೊಂಡಿರುವುದು ನಾಲಿಗೆಗೋಸ್ಕರ. ನಲವತ್ತೆಂಟು ವರ್ಷದ ಹೆಂಗಸು ಇಂಥ ಕೆಲಸ ಮಾಡುತ್ತಾಳೆ ಅಂದರೆ ಜನ ಮೊದಲು ನಗುತ್ತಾರೆ, ಆಮೇಲೆ ಪುಕ್ಕಟೆ ಕುಡಿಯೋಕೆ ಸಿಗುತ್ತಾ ಅಂತ ಕೇಳುತ್ತಾರೆ. ಅವರಿಗೆ ನಾನು ಕೊಡುವ ಉತ್ತರ ಇಲ್ಲಿ ಬರೆಯುವಂಥದ್ದಲ್ಲ.

ಈ ಕೆಲಸದ ವಿಷಯ ಅಮ್ಮನಿಗೆ ಮಾತ್ರ ಹೇಳಿರಲಿಲ್ಲ. ಚಿಕ್ಕಬಾಣಾವರದಲ್ಲಿ ಸ್ಟೇಷನ್ನಿನಿಂದ ಎರಡು ರಸ್ತೆ ಈಚೆಗೆ ನಮ್ಮ ಮನೆ. ಇದ್ದವರು ನಾವಿಬ್ಬರೇ. ನನಗೆ ಮದುವೆಯಾಗಿತ್ತು, ಎರಡು ವರ್ಷಕ್ಕೆ ಅದು ಮುಗಿಯಿತು, ಅದು ಬೇರೆ ಕಥೆ. ಮೊದಲು ಸೋಲದೇವನಹಳ್ಳಿಯ ಒಂದು ಕಾಲೇಜಿನ ಲ್ಯಾಬಿನಲ್ಲಿದ್ದೆ. ಅಲ್ಲಿಂದ ಬಿಟ್ಟು ಇಲ್ಲಿಗೆ ಸೇರಿದ ದಿನ ಅಮ್ಮ, ಹೊಸ ಕಂಪನಿಯಲ್ಲಿ ಏನು ಮಾಡುತ್ತಾರೆ ಅಂತ ಕೇಳಿದಳು. ಬಿಸ್ಕತ್ತು ಅಂದೆ. ಬಾಯಿಗೆ ಬಂದದ್ದು ಅದು. ಮೈಗೆ, ಬಟ್ಟೆಗೆಲ್ಲ ಹುರಿದ ಬಾರ್ಲಿಯ ವಾಸನೆ ಹತ್ತುತ್ತಲ್ಲ, ಬಿಸ್ಕತ್ತು ಅಂದರೆ ಸರಿಹೋಗುತ್ತದೆ ಅಂತ ಲೆಕ್ಕ ಹಾಕಿದ್ದೆ. ಒಂದು ದಿನ ಸಮಯ ನೋಡಿ ನಿಜ ಹೇಳಬೇಕು ಅಂತಲೂ ಅಂದುಕೊಂಡಿದ್ದೆ. ಆ ಒಂದು ದಿನಕ್ಕಾಗಿ ಆರು ವರ್ಷ ಕಾದೆ.

ಯಾಕೆ ಹೇಳಲಿಲ್ಲ ಅಂದರೆ, ಅಪ್ಪ. ಅಪ್ಪ ಯಶವಂತಪುರದ ಒಂದು ಲಾರಿ ಆಫೀಸಿನಲ್ಲಿ ಗುಮಾಸ್ತರಾಗಿದ್ದರು. ಒಳ್ಳೆಯ ಅಕ್ಷರ, ಕೆಟ್ಟ ಕುಡಿತ. ಸಂಜೆ ಬಂದವರೇ ಹಿತ್ತಲ ನಲ್ಲಿಯಲ್ಲಿ ಬಾಯಿ ಮುಕ್ಕಳಿಸಿ, ಏಲಕ್ಕಿ ಅಗಿಯುತ್ತಾ, ಅಮ್ಮನಿಂದ ಮೂರು ಮಾರು ದೂರ ಕೂರುತ್ತಿದ್ದರು. ಏನು ಪ್ರಯೋಜನ? ಅಮ್ಮನ ಮೂಗು ಅಂಥಿಂಥ ಮೂಗಲ್ಲ. ಗೇಟಿನ ಹತ್ತಿರ ಅಪ್ಪನ ಚಪ್ಪಲಿ ಸದ್ದಾಗುವುದರೊಳಗೆ ಅವಳಿಗೆ ಗೊತ್ತಾಗುತ್ತಿತ್ತು. ಕೇಳಿದರೆ ಅಪ್ಪನದು ಒಂದೇ ಮಾತು: "ಕುಡಿದಿಲ್ಲ ಕಣೇ, ಸುಮ್ನೆ ರುಚಿ ನೋಡ್ದೆ ಅಷ್ಟೇ." ಅಮ್ಮ ಹೂಂ ಅಂತ ತಲೆ ಆಡಿಸುತ್ತಿದ್ದಳು. ಊಟಕ್ಕೆ ಕೂತರೆ ಸಾರಿನ ತಟ್ಟೆ ಗೋಡೆಗೆ ಹೋಗುತ್ತಿತ್ತು. ಇದೇನು ಸಾರಾ, ವಿಷಾನಾ ಅಂತ ಕಿರುಚುತ್ತಿದ್ದರು. ಅಮ್ಮ ಬಟ್ಟೆ ತಂದು ಗೋಡೆ ಒರೆಸುತ್ತಿದ್ದಳು. ನಾನು ಪಿಯುಸಿ ಓದುವಾಗ ಅಪ್ಪ ಹೊಟ್ಟೆಯಲ್ಲಿ ನೀರು ತುಂಬಿಕೊಂಡು ತೀರಿಹೋದರು.

ನನ್ನ ಮೂಗು, ನಾಲಿಗೆ ಅಮ್ಮನಿಂದ ಬಂದದ್ದು. ಹಿಟ್ಟು ಹುಳಿ ಬಂದಿದೆಯೋ ಇಲ್ಲವೋ ಅಂತ ಅಮ್ಮ ಮುಚ್ಚಳ ತೆಗೆಯದೆ ಹೇಳುತ್ತಿದ್ದಳು. ಅಂಥ ಹೆಂಗಸಿನ ಕಣ್ಣಿಗೆ ಮಣ್ಣೆರಚುತ್ತೇನೆ ಅಂತ ಹೊರಟೆನಲ್ಲ, ನನ್ನ ಬುದ್ಧಿಗೆ ಏನು ಹೇಳಲಿ! ಸುಳ್ಳು ಗಟ್ಟಿಯಾಗಲಿ ಅಂತ ಶನಿವಾರ ಶನಿವಾರ ಗೊರಗುಂಟೆಪಾಳ್ಯದಲ್ಲಿ ಬಸ್ಸು ಬದಲಿಸುವಾಗ, ಅಲ್ಲೇ ಒಂದು ಬೇಕರಿಯಲ್ಲಿ ಒಡೆದ ಬಿಸ್ಕತ್ತು ಕಟ್ಟಿಸಿಕೊಂಡು, ಫ್ಯಾಕ್ಟರಿಯಲ್ಲಿ ಕೊಟ್ಟರು ಅಂತ ತರುತ್ತಿದ್ದೆ. ಅಮ್ಮ ಮೊದಲ ಸಲ ಒಂದು ಚೂರು ಮುರಿದು ಮೂಗಿನ ಹತ್ತಿರ ಹಿಡಿದು, ಬಾಯಿಗೆ ಹಾಕಿಕೊಂಡು, "ನಿಮ್ ಫ್ಯಾಕ್ಟ್ರಿಯೋರು ಡಾಲ್ಡಾ ಜಾಸ್ತಿ ಆಕ್ತಾರೆ" ಅಂದಳು. ಅಷ್ಟೇ. ಮತ್ತೆ ಆ ಬಿಸ್ಕತ್ತು ಅವಳು ಮುಟ್ಟಲಿಲ್ಲ. ಪಕ್ಕದ ಮನೆಗೆ ಕೊಟ್ಟುಬಿಡುತ್ತಿದ್ದಳು.

ಪಕ್ಕದ ಮನೆಯ ಆಂಟಿ ಬಟ್ಟೆ ಹೊಲಿಯುತ್ತಾರೆ. ಅರವತ್ತರ ಆಸುಪಾಸು, ಗಂಡ ಇಲ್ಲ, ಮನೆಯಲ್ಲಿ ಉರ್ದು, ನಮ್ಮ ಜತೆ ಕನ್ನಡ. ಅಮ್ಮನನ್ನು ಅಕ್ಕ ಅನ್ನುತ್ತಿದ್ದರು, ನನ್ನನ್ನು ಬೇಟಿ ಅನ್ನುತ್ತಾರೆ. ಮಧ್ಯಾಹ್ನವೆಲ್ಲ ಅಮ್ಮ ಅವರ ಮೆಷಿನ್ನಿನ ಪಕ್ಕ ಕೂತು ಗುಂಡಿಗೆ ಕಾಜಾ ಹಾಕಿಕೊಡುತ್ತಾ ಮಾತಾಡುತ್ತಿದ್ದಳು. ಏನು ಮಾತಾಡುತ್ತಿದ್ದರು ಅಂತ ನಾನು ಯಾವತ್ತೂ ಕೇಳಿದವಳಲ್ಲ.

ರುಚಿ ನೋಡುವ ಕೆಲಸಕ್ಕೆ ಕೆಲವು ಕಟ್ಟುಪಾಡುಗಳಿವೆ. ತಲೆಗೆ ವಾಸನೆಯ ಎಣ್ಣೆ ಹಾಕುವಂತಿಲ್ಲ, ಹೂವು ಮುಡಿಯುವಂತಿಲ್ಲ, ಪೌಡರ್ ಇಲ್ಲ, ಬೆಳ್ಳುಳ್ಳಿ ಇಲ್ಲ. ಬೆಳಗ್ಗೆ ಆರಕ್ಕೆ ಒಂದು ಲೋಟ ಕಾಫಿ, ಒಗ್ಗರಣೆ ಇಲ್ಲದ ತಿಂಡಿ. ಹನ್ನೊಂದಕ್ಕೆ ಕೂರುತ್ತೇವೆ. ಶುಕ್ರವಾರ ಅಮ್ಮ ಒಂದು ಮೊಳ ಮಲ್ಲಿಗೆ ಹಿಡಿದುಕೊಂಡು ಬಾಗಿಲ ತನಕ ಬರುತ್ತಿದ್ದಳು, ನಾನು ಬೇಡ ಅಂತ ಸಿಡುಕಿ ಹೋಗುತ್ತಿದ್ದೆ. ಸಂಜೆ ಬಂದವಳೇ ನೇರ ಬಚ್ಚಲಿಗೆ. ಹಲ್ಲುಜ್ಜಿ, ಸ್ನಾನ ಮಾಡಿ, ಏಲಕ್ಕಿ ಬಾಯಿಗೆ ಹಾಕಿಕೊಂಡೇ ಅಮ್ಮನಿಗೆ ಮುಖ ತೋರಿಸುತ್ತಿದ್ದೆ. ಮಂಚದ ಈ ತುದಿಯಲ್ಲಿ ಅವಳು, ಆ ತುದಿಯಲ್ಲಿ ನಾನು. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಳ್ಳುತ್ತಿದ್ದೆ.

ಹೋದ ವರ್ಷದ ಶುರುವಿನಿಂದ ಅಮ್ಮನ ಕಾಫಿ ಕೆಟ್ಟಿತು. ಕಹಿ. ಕಾಫಿಯ ಕಹಿಯಲ್ಲ, ಚಿಕೋರಿಯದೂ ಅಲ್ಲ, ನಾಲಿಗೆಯ ಬುಡಕ್ಕೆ ಹೋಗಿ ಕೂರುವ ಒಣ ಕಹಿ. ನಾನು ಬಿಡುತ್ತೇನಾ? ಕಾಫಿ ಪುಡಿಯ ಅಂಗಡಿ ಮೂರು ಸಲ ಬದಲಾಯಿಸಿದೆ. ಫಿಲ್ಟರ್ ಹೊಸದು ತಂದೆ. ಹಾಲಿನವರನ್ನು ಬೈದೆ. ಏನು ಮಾಡಿದರೂ ಅದೇ. ಅಮ್ಮನಿಗೆ ವಯಸ್ಸಾಯಿತು, ಡಿಕಾಕ್ಷನ್ ಕುದಿಸಿಬಿಡುತ್ತಾಳೆ ಅಂತ ತೀರ್ಮಾನ ಮಾಡಿದೆ. ನಾನೇ ಮಾಡಿಕೊಳ್ಳುತ್ತೇನೆ ಅಂದರೆ ಅಮ್ಮ ಒಲೆಯ ಮುಂದೆ ಅಡ್ಡ ನಿಲ್ಲುತ್ತಿದ್ದಳು, ನಾನಿರುವ ತನಕ ನಾನೇ ಕೊಡ್ತೀನಿ ಅಂತ. ಒಂದು ಸೋಮವಾರ ನನಗೆ ತಲೆ ಕೆಟ್ಟು, ಇದೇನು ಕಾಫೀನಾ, ವಿಷಾನಾ ಅಂತ ಕೂಗಿ ಲೋಟವನ್ನು ಸಿಂಕಿಗೆ ಎಸೆದೆ. ಅಮ್ಮ ನನ್ನ ಮುಖವನ್ನೇ ನೋಡುತ್ತಾ ನಿಂತಳು. ಆಮೇಲೆ ಬಟ್ಟೆ ತಂದು ಒರೆಸಿದಳು.

ಇನ್ನು ಒಂದು ಬಿಯರಿನ ವಿಷಯ. ನಮ್ಮಲ್ಲಿ ಬಿಯರ್ ತಯಾರಿಸುವವನು ತುಮಕೂರಿನ ಕಡೆಯ ಹುಡುಗ. ಹುಡುಗ ಅಂದರೆ ಮೂವತ್ತೈದು, ನನ್ನ ಲೆಕ್ಕದಲ್ಲಿ ಹುಡುಗನೇ. ನನ್ನನ್ನು ಅಕ್ಕ ಅನ್ನುತ್ತಾನೆ. ವರ್ಷಗಳ ಕಾಲ ಮಾಲೀಕರು ಹೇಳಿದ ಹಗುರ ಬಿಯರ್‌ಗಳನ್ನೇ ಮಾಡಿ ಮಾಡಿ ಬೇಜಾರಾಗಿದ್ದವನು, ಕಾಡಿ ಬೇಡಿ ಒಂದು ಸಲಕ್ಕೆ ತನ್ನದೇ ಆದ ಇಂಪೀರಿಯಲ್ ಸ್ಟೌಟ್ ಮಾಡಲು ಒಪ್ಪಿಗೆ ಪಡೆದ. ಸ್ಟೌಟ್ ಅಂದರೆ ಕಪ್ಪಗೆ ಹುರಿದ ಬಾರ್ಲಿಯಿಂದ ಮಾಡುವ ಕರಿ ಬಿಯರ್. ಇಂಪೀರಿಯಲ್ ಅಂದರೆ ಅದರಲ್ಲೇ ಗಟ್ಟಿಯದು. ಧಾನ್ಯ ಜಾಸ್ತಿ, ಅಮಲು ಜಾಸ್ತಿ, ತಿಂಗಳುಗಟ್ಟಲೆ ಸುಮ್ಮನೆ ಇಟ್ಟು ಹದಕ್ಕೆ ಬರಿಸಬೇಕು. ಇವನು ಅದಕ್ಕೆ ಒಂದಿಷ್ಟು ಹುರಿದ ರಾಗಿಯನ್ನೂ ಸೇರಿಸಿದ್ದ. ಒಂಬತ್ತು ತಿಂಗಳು ಅದಿದ್ದ ಪೀಪಾಯಿಗಳ ಪಕ್ಕ ಓಡಾಡುವಾಗಲೆಲ್ಲ ಅವನ್ನು ತಟ್ಟಿ ಹೋಗುತ್ತಿದ್ದ. ಬಸುರಿಯನ್ನು ನೋಡಿಕೊಂಡ ಹಾಗೆ ನೋಡಿಕೋತೀಯಲ್ಲೋ ಅಂತ ನಾನು ರೇಗಿಸುತ್ತಿದ್ದೆ.

ರುಚಿ ನೋಡುವ ದಿನ ನಿಗದಿಯಾಯಿತು. ಆ ವಾರವೇ ಅಮ್ಮನದು ಹೊಸದೊಂದು ಶುರುವಾಗಿತ್ತು. ಆರರ ಕಾಫಿ ಸಾಲದು ಅಂತ, ಒಂಬತ್ತೂವರೆಗೆ ನಾನು ಚಪ್ಪಲಿ ಹಾಕಿಕೊಳ್ಳುವ ಹೊತ್ತಿಗೆ ಇನ್ನೊಂದು ಲೋಟ ಹಿಡಿದುಕೊಂಡು ಬಂದು ನಿಲ್ಲುವುದು. ಬೇಡಮ್ಮ, ನನಗೆ ಕೆಲಸಕ್ಕೆ ತೊಂದರೆ ಅಂದೆ. ಬಿಸ್ಕತ್ತು ಮಾಡೋಕೆ ಕಾಫಿಯಿಂದ ಏನು ತೊಂದರೆ ಅಂತ ಅವಳು ಕೇಳಬಹುದಿತ್ತು. ಅವಳು ಹಾಗೆ ಕೇಳಲಿಲ್ಲ. "ಇನ್ನೊಂದ್ ಲೋಟ ಕುಡ್ಕೊಂಡು ಓಗು, ನನ್ ಕಣ್ಣಾಣೆ" ಅಂದಳು. ಕಣ್ಣಾಣೆ ಹಾಕಿದ ಮೇಲೆ ಏನು ಮಾಡುವುದು? ಹಾಳಾಗಿ ಹೋಗಲಿ ಅಂತ ಗಟಗಟ ಕುಡಿದು ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ನೀರು ಕುಡಿದೆ, ಬರೀ ಪುರಿ ಅಗಿದೆ. ಬಾಯಿ ತೊಳೆದಂತಾಯಿತು ಅಂತಲೇ ನನ್ನ ನಂಬಿಕೆ.

ನಾವು ನಾಲ್ಕು ಜನ ಕೂರುತ್ತೇವೆ. ಕಿಟಕಿಯ ಬೆಳಕು, ಬಿಳಿ ಮೇಜು, ಮಧ್ಯದಲ್ಲಿ ಒಂದು ಬಟ್ಟಲು ಉಪ್ಪಿಲ್ಲದ ಪುರಿ. ಎಲ್ಲರೂ ಬರೆದು ಮುಗಿಸುವ ತನಕ ಯಾರೂ ತುಟಿ ಬಿಚ್ಚುವಂತಿಲ್ಲ, ಮುಖ ಕಿವುಚುವಂತಿಲ್ಲ. ಹಾಳೆಯಲ್ಲಿ ಐದು ಕಾಲಂ: ಬಣ್ಣ, ವಾಸನೆ, ರುಚಿ, ಬಾಯಿಗೆ ಎಷ್ಟು ದಪ್ಪ, ನುಂಗಿದ ಮೇಲೆ ಏನು ಉಳಿಯುತ್ತದೆ. ಕೊನೆಯ ಕಾಲಂ ನೋಡಿಯೇ ನಾವು ತೀರ್ಮಾನ ಹೇಳುವುದು. ಬಾಯಿಯಲ್ಲಿದ್ದಾಗ ಎಲ್ಲ ಬಿಯರೂ ಏನೋ ಒಂದು ಹೇಳುತ್ತದೆ, ನುಂಗಿದ ಮೇಲೆ ಸುಳ್ಳು ನಿಲ್ಲುವುದಿಲ್ಲ ಅಂತ ಹೊಸಬರಿಗೆ ಪಾಠ ಹೇಳುತ್ತಿದ್ದವಳು ನಾನು.

ಹುಡುಗನೇ ಸ್ಟೌಟ್ ಸುರಿದ. ಸ್ಟೌಟನ್ನು ಫ್ರಿಜ್ಜಿನಿಂದ ತೆಗೆದು ಹಾಗೇ ಕುಡಿಯಬಾರದು, ಚಳಿಯಲ್ಲಿ ಅದು ಬಾಯಿ ಬಿಡುವುದಿಲ್ಲ. ಗ್ಲಾಸಿನ ಹೊಟ್ಟೆಯನ್ನು ಅಂಗೈಯಲ್ಲಿ ಹಿಡಿದು ಕಾಯಬೇಕು. ಬೆಳಕಿಗೆ ಹಿಡಿದರೆ ತೂರದಷ್ಟು ಕಪ್ಪು, ಅಂಚಿನಲ್ಲಿ ಮಾತ್ರ ಒಂದು ಕೆಂಪು ಗೆರೆ. ನೊರೆ ಕಂದು, ಸಣ್ಣ ಗುಳ್ಳೆ, ನಿಧಾನಕ್ಕೆ ಇಳಿಯಿತು. ಮೂಗಿಗೆ ಮೊದಲು ಕಾಫಿ ಬೀಜ, ಆಮೇಲೆ ಆಲೆಮನೆಯ ಕೊಪ್ಪರಿಗೆ ತಳದ ಸುಟ್ಟ ಬೆಲ್ಲ, ಒಣದ್ರಾಕ್ಷಿ, ಇನ್ನೂ ಹಿಂದೆ ಹುರಿದ ರಾಗಿ. ಅಲ್ಲಿಯವರೆಗೆ ಎದೆ ತುಂಬಿ ಬಂತು, ಹುಡುಗ ಗೆದ್ದ ಅಂದುಕೊಂಡೆ. ಬಾಯಿಗೆ ಬಿಟ್ಟೆ. ಎಣ್ಣೆಯಂಥ ಮೈ, ಸಿಹಿ, ಸುಟ್ಟದ್ದು. ನುಂಗಿದೆ. ನಾಲಿಗೆಯ ಬುಡದಲ್ಲಿ ಕಹಿ ಎದ್ದಿತು. ಹುರಿದ ಧಾನ್ಯದ ಕಹಿಯಲ್ಲ, ಬಿಯರಿಗೆ ಕಹಿ ಕೊಡಲು ಹಾಕುವ ಹಾಪ್ಸ್ ಹೂವಿನದೂ ಅಲ್ಲ. ನೀರಿಲ್ಲದೆ ಮಾತ್ರೆ ಬಾಯಲ್ಲೇ ಕರಗಿದರೆ ಹೇಗಿರುತ್ತದೆ, ಹಾಗೆ.

ಕೊನೆಯ ಕಾಲಂನಲ್ಲಿ ನಾನು ಬರೆದದ್ದು ನನಗೆ ಬಾಯಿಪಾಠ ಇದೆ. ಹೊರಗಿನ ಕಹಿ, ಎಲ್ಲೋ ಸೋಂಕಾಗಿದೆ, ಮಾರುವಂತಿಲ್ಲ. ಉಳಿದ ಮೂವರೂ ಚೆನ್ನಾಗಿದೆ ಅಂತ ಬರೆದಿದ್ದರು. ಹಾಳೆಗಳನ್ನು ಒಟ್ಟಿಗಿಟ್ಟು ನೋಡಿದಾಗ ಅವನ ಮುಖ ಇಳಿಯಿತು. ಇನ್ನೊಂದು ಸಲ ನೋಡಿ ಅಕ್ಕಾ, ನಾಳೆ ನೋಡಿ ಅಂದ. ಮಾರನೆಯ ದಿನವೂ ಅಮ್ಮನ ಒಂಬತ್ತೂವರೆಯ ಲೋಟ ಕುಡಿದೇ ಹೋದೆ. ಮತ್ತೆ ಅದೇ ಕಹಿ. ಅಷ್ಟು ಹೊತ್ತಿಗೆ ಉಳಿದವರಿಗೂ ತಮ್ಮ ನಾಲಿಗೆಯ ಮೇಲೆ ಅನುಮಾನ ಬಂದು, ಹೌದು, ಹಿಂದೆ ಏನೋ ಇದೆ ಅನ್ನತೊಡಗಿದ್ದರು. ಆ ದಿನಗಳಲ್ಲಿ ಬೇರೆ ಬಿಯರುಗಳಲ್ಲೂ ನನಗೆ ಅದೇ ಕಹಿ ಸಿಕ್ಕಿತು. ಸೋಂಕು ಪೈಪುಗಳಿಗೆಲ್ಲ ಹರಡಿದೆ ಅಂತ ಇಡೀ ಕಾರ್ಖಾನೆಯ ಪೈಪು ಬಿಚ್ಚಿಸಿ ತೊಳೆಸಿದೆ. ನನ್ನ ನಾಲಿಗೆಯ ಮೇಲೆ ಮಾತ್ರ ನನಗೆ ಅನುಮಾನ ಬರಲಿಲ್ಲ.

ಅವನು ತಾನೇ ನಿಂತು ಪೀಪಾಯಿಗಳನ್ನು ಚರಂಡಿಗೆ ಬಗ್ಗಿಸಿದ. ಬೇರೆ ಯಾರನ್ನೂ ಹತ್ತಿರ ಬಿಡಲಿಲ್ಲ. ಅಂಗಳದ ತುಂಬ ಬೆಲ್ಲ ಕಾಸಿದ ವಾಸನೆ. ನಾನು ಪಕ್ಕದಲ್ಲಿ ನಿಂತು, ಬೇಜಾರು ಮಾಡ್ಕೋಬೇಡ, ಮುಂದಿನ ಸಲ ಸರಿಯಾಗಿ ತೊಳೆದುಕೋ ಅಂತ ಬುದ್ಧಿ ಹೇಳಿದೆ. ಆ ಮಾತು ನೆನೆಸಿಕೊಂಡರೆ ಇವತ್ತಿಗೂ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನಿಸುತ್ತದೆ. "ನಿಮ್ ನಾಲಿಗೆ ಹೇಳಿದ್ಮೇಲೆ ಮುಗೀತಲ್ಲ ಅಕ್ಕಾ" ಅಂದ. ಪ್ರತಿ ಸಲದ ಬಿಯರಿನಲ್ಲೂ ಒಂದೆರಡು ಬಾಟಲಿ ತೆಗೆದು ಲ್ಯಾಬಿನ ಕಪಾಟಿನಲ್ಲಿ ಇಡುವುದು ನಮ್ಮ ಪದ್ಧತಿ, ಮುಂದೆ ಏನಾದರೂ ತಕರಾರು ಬಂದರೆ ನೋಡಲು. ಇದರದ್ದೂ ಒಂದು ಬಾಟಲಿ ಇಟ್ಟೆ.

ಅದಾಗಿ ಹತ್ತು ದಿನಕ್ಕೆ ಅಮ್ಮ ಬಿದ್ದಳು. ಹೃದಯ ದಣಿದಿದೆ ಅಂದರು ಡಾಕ್ಟರು, ಕಾಲು ಊದಿತ್ತು, ಉಸಿರು ಎಳೆಯುತ್ತಿತ್ತು. ಹಗಲು ಪಕ್ಕದ ಮನೆಯ ಆಂಟಿ ಆಸ್ಪತ್ರೆಯಲ್ಲಿ ಕೂರುತ್ತಿದ್ದರು, ಸಂಜೆ ಕೆಲಸದಿಂದ ನೇರ ಹೋಗಿ ನಾನು ಕೂರುತ್ತಿದ್ದೆ. ಸ್ನಾನ ಮಾಡಿ ಏಲಕ್ಕಿ ಹಾಕಿಕೊಳ್ಳಲು ಸಮಯ ಎಲ್ಲಿ? ಅಮ್ಮ ನನ್ನ ಕೈಯನ್ನು ಎಳೆದುಕೊಂಡು, ಅಂಗೈಯನ್ನು ಮೂಗಿಗೆ ಹಿಡಿದುಕೊಂಡು ಮಲಗಿರುತ್ತಿದ್ದಳು. ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ ಅನಿಸಿತು. ಒಂದು ಸಂಜೆ ಗಟ್ಟಿ ಮನಸ್ಸು ಮಾಡಿ, ಅಮ್ಮಾ, ನನ್ನ ಕೆಲಸದ ಬಗ್ಗೆ ನಿನಗೊಂದು ವಿಷಯ ಹೇಳಬೇಕು ಅಂತ ಶುರು ಮಾಡಿದೆ.

"ನಂಗೊತ್ತು ಬಿಡು" ಅಂದಳು ಅಮ್ಮ.

ಗೊತ್ತಾ ಅಂದೆ. ಬಹಳ ದಿನದಿಂದಾನೂ ಗೊತ್ತು ಅಂದಳು. ಕೋಪ ಇಲ್ವಾ ಅಂತ ಕೇಳಿದೆ. ಇಲ್ಲ ಅಂತ ತಲೆ ಆಡಿಸಿದಳು, ನನ್ನ ತಲೆ ಸವರಿದಳು. ಆಮೇಲೆ, "ನಿಂಗೆ ಕಾಫಿ ಯಾರು ಕೊಡ್ತಾರೆ?" ಅಂತ ಕೇಳಿದಳು. ಅಯ್ಯೋ, ನನಗೇನು ಕೈಯಿಲ್ವಾ ಅಂದೆ. ಆರು ವರ್ಷದ ಭಾರ ಇಳಿದಿತ್ತು ನನಗೆ. ಎಲ್ಲ ಗೊತ್ತಿದ್ದೂ ಸುಮ್ಮನಿದ್ದಳಲ್ಲ, ಮಗಳ ಅನ್ನದ ದಾರಿ ಅಂತ ಒಪ್ಪಿಕೊಂಡಳಲ್ಲ ಅಂತ ಅಳು ಬಂತು. ಆಮೇಲೆ ನಾಲ್ಕು ದಿನ ಇದ್ದಳು. ಒಂದು ಬೆಳಗ್ಗೆ, ಆಂಟಿ ಪಕ್ಕದಲ್ಲಿದ್ದಾಗ, ಹೋದಳು.

ಹೆಣದ ಪಕ್ಕ ಕೂತಾಗಲೂ ಆ ಒಂದು ಸಮಾಧಾನ ನನ್ನ ಹತ್ತಿರ ಇತ್ತು. ಬಂದವರೆಲ್ಲ ಏನೇನೋ ಹೇಳಿ ಸಂತೈಸುತ್ತಿದ್ದರು, ನನಗೆ ಅದು ಯಾವುದೂ ಬೇಕಿರಲಿಲ್ಲ. ಅಮ್ಮನ ಹತ್ತಿರ ನನ್ನದೇನೂ ಬಾಕಿ ಇಲ್ಲ, ಸುಳ್ಳು ತೀರಿತು ಅಂತ ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದೆ.

ಮೂರನೆಯ ದಿನದಿಂದ ಆಂಟಿ ಬೆಳಗ್ಗೆ ಆರಕ್ಕೆ ಒಂದು ಫ್ಲಾಸ್ಕಿನಲ್ಲಿ ಕಾಫಿ ತಂದು ಕೊಡತೊಡಗಿದರು. ಯಾಕೆ ತೊಂದರೆ ಅಂದರೆ ಕೇಳಲಿಲ್ಲ. ನಾನು ಕುಡಿಯುವ ತನಕ ಹೊಸಿಲ ಹತ್ತಿರ ನಿಂತಿದ್ದು, ಖಾಲಿ ಲೋಟ ನೋಡಿಯೇ ಹೋಗುತ್ತಿದ್ದರು. ಆ ದಿನಗಳಲ್ಲಿ ನನಗೆ ಅನ್ನಕ್ಕೂ ಮಣ್ಣಿಗೂ ವ್ಯತ್ಯಾಸ ತಿಳಿಯುತ್ತಿರಲಿಲ್ಲ. ಕೊಟ್ಟದ್ದನ್ನು ಕುಡಿದೆ. ಹನ್ನೊಂದನೆಯ ದಿನದ ತಿಥಿ ಮುಗಿಯಿತು, ನೆಂಟರು ಹೋದರು. ಇನ್ನು ಕೆಲಸಕ್ಕೆ ಹೋಗಬೇಕು ಅಂತ ಎದ್ದ ಬೆಳಗ್ಗೆ, ಬಾಯಿ ತೊಳೆದು, ಆಂಟಿಯ ಕಾಫಿಯನ್ನು ಮೊದಲ ಸಲ ನಾಲಿಗೆ ಇಟ್ಟು ಕುಡಿದೆ.

ಅಮ್ಮನ ಕಾಫಿ ಅದು. ಮೊದಲು ಅಂದುಕೊಂಡದ್ದು, ದುಃಖದಲ್ಲಿ ಹೀಗೆ ಅನಿಸುತ್ತದೆ ಅಂತ. ಇನ್ನೊಂದು ಗುಟುಕು ಕುಡಿದೆ. ಆಂಟಿಯ ಮನೆಯಲ್ಲಿ ಕುಡಿಯುವುದು ಟೀ. ಫಿಲ್ಟರ್ ಇಲ್ಲ. ನನಗೆ ಅಂತ ತಂದಿಟ್ಟ ಇನ್‌ಸ್ಟಂಟ್ ಪುಡಿ, ಪ್ಯಾಕೆಟ್ ಹಾಲು, ನಾಲ್ಕು ಚಮಚ ಸಕ್ಕರೆ. ಅಮ್ಮನ ಕಾಫಿಗೂ ಇದಕ್ಕೂ ಯಾವ ಸಂಬಂಧವೂ ಇಲ್ಲ, ಆದರೆ ನುಂಗಿದ ಮೇಲೆ ಉಳಿಯುವುದು ಒಂದೇ. ನಾಲಿಗೆಯ ಬುಡದಲ್ಲಿ, ಒಣಗಿದ, ಮಾತ್ರೆ ಕರಗಿದಂಥ ಕಹಿ. ಪುಡಿ ಬೇರೆ, ಹಾಲು ಬೇರೆ, ಕೈ ಬೇರೆ. ಹಾಗಾದರೆ ಈ ಕಹಿ ಕಾಫಿಯದಲ್ಲ, ಯಾರೋ ಹಾಕಿದ್ದು. ಇದೇ ಕಹಿಯನ್ನು ನಾನು ಆ ಕರಿ ಬಿಯರಿನ ಹಾಳೆಯಲ್ಲೂ ಬರೆದಿದ್ದೆ. ಲೋಟ ಹಿಡಿದುಕೊಂಡೇ ಪಕ್ಕದ ಮನೆಗೆ ಹೋದೆ.

ಇದರಲ್ಲಿ ಏನು ಹಾಕಿದ್ದೀರಾ ಅಂತ ಕೇಳಿದೆ. ನನ್ನ ದನಿ ಗಡುಸಾಗಿಯೇ ಇತ್ತು. ಆಂಟಿ ಮೆಷಿನ್ ನಿಲ್ಲಿಸಿದರು. ಏನೂ ಇಲ್ಲ ಬೇಟಿ ಅಂದರು, ಆಮೇಲೆ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಒಳಗೆ ಹೋಗಿ ಸಕ್ಕರೆ ಡಬ್ಬದ ಹಿಂದಿನಿಂದ ಒಂದು ಕಾಗದದ ಪೊಟ್ಟಣ ತಂದು ಬಿಚ್ಚಿ ತೋರಿಸಿದರು. ಬೂದುಹಸಿರು ಪುಡಿ. ಯಶವಂತಪುರದ ಮಾರ್ಕೆಟ್ಟಿನ ಹತ್ತಿರ ಕೂರುವ ನಾಟಿ ಔಷಧಿಯವನು ಕೊಟ್ಟದ್ದಂತೆ. ಕುಡಿತ ಬಿಡಿಸುವ ಪುಡಿ. ಕುಡಿಯುವವರಿಗೆ ಗೊತ್ತಾಗದ ಹಾಗೆ ಕಾಫಿಗೋ ಸಾರಿಗೋ ಬೆರೆಸಬೇಕು, ಗೊತ್ತಾದರೆ ಗುಣ ಹೋಗುತ್ತದಂತೆ. ವರ್ಷವಾದರೂ ಬಿಡದಿದ್ದರೆ ದಿನಕ್ಕೆ ಎರಡು ಸಲ ಕೊಡಬೇಕಂತೆ. ಇಬ್ಬರೂ ಸೇರಿ ಬಸ್ಸಿನಲ್ಲಿ ಹೋಗಿ ತರುತ್ತಿದ್ದರಂತೆ.

ಅಮ್ಮನಿಗೆ ಗೊತ್ತಿದ್ದದ್ದು ಅದು. ಮಗಳು ಕುಡಿಯುತ್ತಾಳೆ. ಸಂಜೆ ಬಂದು ಬಾಯಿ ತೊಳೆಯುತ್ತಾಳೆ, ಏಲಕ್ಕಿ ಅಗಿಯುತ್ತಾಳೆ, ದೂರ ಕೂರುತ್ತಾಳೆ, ಲೋಟ ಎಸೆಯುತ್ತಾಳೆ. ಅಪ್ಪನಿಗೂ ಸಾರಿನಲ್ಲಿ ಇದನ್ನೇ ಹಾಕುತ್ತಿದ್ದಳಂತೆ. ಅವರಿಗೆ ತಡವಾಗಿ ಶುರು ಮಾಡಿದೆ, ಮಗಳಿಗೆ ಹಾಗೆ ಆಗೋಕೆ ಬಿಡಲ್ಲ ಅನ್ನುತ್ತಿದ್ದಳಂತೆ.

"ಆಸ್ಪತ್ರೇಲಿ ಒಂದೇ ಮಾತು ಬೇಟಿ" ಅಂದರು ಆಂಟಿ. "ನಾನ್ ಹೋದ್ಮೇಲೆ ನನ್ ಮಗಳ ಕಾಫಿಗೆ ಯಾರು ಹಾಕ್ತಾರೆ ಅಂತ. ನನ್ ಕೈ ಹಿಡ್ಕೊಂಡು ಆಣೆ ಹಾಕಿಸ್ಕೊಂಡ್ರು. ಆಮೇಲೇನೇ ಕಣ್ಣು ಮುಚ್ಚಿದ್ದು."

ನನಗೆ ಆಗ ಬೇಕಾಗಿದ್ದದ್ದು ಒಂದೇ, ಯಾರಾದರೂ ಒಬ್ಬರು ನಿಜ ತಿಳಿದುಕೊಳ್ಳಲಿ ಅಂತ. ಕೂತು ಹೇಳಿದೆ. ನಾನು ಕುಡುಕಿ ಅಲ್ಲ ಆಂಟಿ, ಅದು ಬಿಸ್ಕತ್ತು ಕಂಪನಿಯಲ್ಲ, ಬಿಯರ್ ಕಂಪನಿ, ಅಲ್ಲಿ ನನ್ನ ಕೆಲಸ ಅದು, ಎರಡೆರಡು ಗುಟುಕು ಅಷ್ಟೇ. "ನಾನು ಕುಡಿಯಲ್ಲ, ರುಚಿ ನೋಡ್ತೀನಿ ಅಷ್ಟೇ" ಅಂದೆ.

ಅಂದ ಮೇಲೆ ಆ ಮಾತು ನನ್ನ ಕಿವಿಗೆ ಬಿತ್ತು. ಆಂಟಿ ನನ್ನ ಕಡೆ ಕನಿಕರದಿಂದ ನೋಡಿ, ಹೌದು ಬೇಟಿ, ಹೌದು ಅಂತ ಬೆನ್ನು ಸವರಿದರು. ಕುಡಿದವರಿಗೆ ಎದುರಾಡಬಾರದು ಅಂತ ಅಮ್ಮ ಅಪ್ಪನಿಗೆ ತಲೆ ಆಡಿಸುತ್ತಿದ್ದಳಲ್ಲ, ಹಾಗೆಯೇ. ಆರು ವರ್ಷದ ಹಿಂದೆ ನಿಜವನ್ನೇ ಹೇಳಿದ್ದರೂ ಅಮ್ಮ ನಂಬುತ್ತಿದ್ದಳೋ ಇಲ್ಲವೋ ನನಗೆ ಗೊತ್ತಿಲ್ಲ. ಬಿಯರ್ ಕಂಪನಿಗೆ ಕೈ ಹಿಡಿದು ಕರೆದುಕೊಂಡು ಹೋಗಿ, ಆ ಬಿಳಿ ಮೇಜು, ಆ ಹಾಳೆ ತೋರಿಸಿದ್ದರೆ ನಂಬುತ್ತಿದ್ದಳೇನೋ. ಅವಳನ್ನೇ ಕೂರಿಸಿ ವಾಸನೆ ನೋಡಿಸಿದ್ದರೆ ನಮ್ಮೆಲ್ಲರಿಗಿಂತ ಚೆನ್ನಾಗಿ ಹೇಳುತ್ತಿದ್ದಳು. ನನಗೆ ಅದು ಒಂದು ಸಲವೂ ಹೊಳೆಯಲಿಲ್ಲ.

ಆ ದಿನವೇ ಕೆಲಸಕ್ಕೆ ಹೋದೆ. ಹನ್ನೊಂದಕ್ಕೆ ಕೂರುವ ಧೈರ್ಯ ಬರಲಿಲ್ಲ, ಮಧ್ಯಾಹ್ನದ ತನಕ ನೀರು ಕುಡಿಯುತ್ತಾ ಕಾದೆ. ಆಮೇಲೆ ಕಪಾಟಿನಿಂದ ಕರಿ ಬಿಯರಿನ ಆ ಒಂದು ಬಾಟಲಿ ತೆಗೆದು ಹುಡುಗನನ್ನು ಕರೆದೆ. ಇಬ್ಬರೇ ಕೂತೆವು. ಅಂಗೈಯಲ್ಲಿ ಬೆಚ್ಚಗೆ ಮಾಡಿಕೊಂಡು, ಮೂರು ಸಲ ಮೂಸಿ, ಕುಡಿದೆ. ಕಾಫಿ, ಸುಟ್ಟ ಬೆಲ್ಲ, ಒಣದ್ರಾಕ್ಷಿ, ಹೊಸ ಚಪ್ಪಲಿಯ ಚರ್ಮದ ಒಂದು ಸಣ್ಣ ವಾಸನೆ. ನುಂಗಿದ ಮೇಲೆ ಹುರಿದ ರಾಗಿ, ಅದರ ಹಿಂದೆ ಹಿತವಾದ ಒಂದು ಸುಡುವಿಕೆ, ಬಹಳ ಹೊತ್ತು ಉಳಿಯಿತು. ಕಹಿ ಎಷ್ಟು ಬೇಕೋ ಅಷ್ಟೇ ಇತ್ತು. ನಮ್ಮ ಕಾರ್ಖಾನೆಯಲ್ಲಿ ಅಷ್ಟು ಒಳ್ಳೆಯ ಬಿಯರ್ ನಾನು ನೋಡಿಲ್ಲ. ಹೊಸ ಹಾಳೆಯಲ್ಲಿ ಐದೂ ಕಾಲಂ ತುಂಬಿಸಿ, ಕೆಳಗೆ ತಪ್ಪು ನನ್ನದು ಅಂತ ಬರೆದು, ನಡೆದದ್ದೆಲ್ಲ ಹೇಳಿ ಅವನ ಮುಂದಿಟ್ಟೆ.

ಬೈಯುತ್ತಾನೆ ಅಂದುಕೊಂಡಿದ್ದೆ. ಬೈದಿದ್ದರೆ ಒಳ್ಳೆಯದಿತ್ತು. ಅವನು ಹಾಳೆಯನ್ನು ಎರಡು ಸಲ ಓದಿದ. "ಅಂದ್ರೆ ಚೆನ್ನಾಗಿತ್ತಾ ಅಕ್ಕಾ?" ಅಂತ ಕೇಳಿದ. ಚೆನ್ನಾಗಿತ್ತು ಅಂದೆ. ಹಾಳೆ ಮಡಿಸಿ ಜೇಬಿಗಿಟ್ಟುಕೊಂಡು, ನಿಮ್ಮ ತಾಯಿ ಹೋಗಿದ್ದಾರೆ, ಈಗ ಇದನ್ನೆಲ್ಲ ತಲೆಗೆ ಹಚ್ಚಿಕೊಳ್ಳಬೇಡಿ ಅಂತ ನನಗೇ ಸಮಾಧಾನ ಹೇಳಿ ಎದ್ದು ಹೋದ. ಅವನ ಗ್ಲಾಸಿನಲ್ಲಿದ್ದದ್ದನ್ನು ಕುಡಿದಿರಲಿಲ್ಲ.

ಮಾರನೆಯ ಬೆಳಗ್ಗೆ ಆರಕ್ಕೆ ಬಾಗಿಲು ತೆಗೆದರೆ ಆಂಟಿ ಫ್ಲಾಸ್ಕ್ ಹಿಡಿದು ನಿಂತಿದ್ದರು. ನಿನ್ನೆಯ ಮಾತಿನಿಂದ ಅವರಿಗೆ ಮುಜುಗರ. ಇವತ್ತು ಹಾಕಿಲ್ಲ ಬೇಟಿ, ಬರೀ ಕಾಫಿ, ನಿನಗೆ ಗೊತ್ತಾಗಿಬಿಟ್ಟಿತಲ್ಲ, ಇನ್ನು ಅದರಿಂದ ಗುಣ ಇಲ್ಲ ಅಂದರು. ಪೊಟ್ಟಣದಲ್ಲಿ ಇನ್ನೆಷ್ಟಿದೆ ಅಂತ ಕೇಳಿದೆ. ಒಂದು ಹದಿನೈದು ದಿನಕ್ಕೆ ಬರುತ್ತದೆ ಅಂದರು, ಅಕ್ಕ ಕೊನೆಗೆ ತಂದದ್ದು ಅದು.

"ಮುಗಿಯೋವರ್ಗೂ ಹಾಕಿ ಆಂಟಿ" ಅಂದೆ.

ಅವರು ತಮ್ಮ ಮನೆಗೆ ಹೋಗಿ ಒಂದು ಚಿಟಿಕೆ ತಂದು ಹಾಕಿ, ಚಮಚದಲ್ಲಿ ಕಲಕಿ ಕೊಟ್ಟರು. ಹೊಸಿಲ ಮೇಲೆ ಕೂತು, ಮುಖ ಕಿವುಚದೆ, ತಳದಲ್ಲಿ ಉಳಿದ ಗಸಿಯನ್ನೂ ಬಿಡದೆ ಕುಡಿದೆ.